ಕಡಲತೀರ ನಿಷೇಧ ಮೀಮಾಂಸೆ

ಪೀಠಿಕೆ: ನೆಲ ಮುಗಿದು ನೀರು ಶುರುವಾಗುವ ಜಾಗವೇ ಕಡಲತೀರವೆಂದು ಪೂರ್ವಸೂರಿಗಳು ಅಮಾಯಕರಾಗಿ ನಂಬಿದ್ದರು. 1991ರಲ್ಲಿ ಕೇಂದ್ರದ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಅಧಿಸೂಚನೆ ಹೊರಟು ಈ ಅಜ್ಞಾನ ಕಳೆಯಿತು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ನೆಲವೂ ಕಡಲಿನ ಪರಿವಾರವಾಯಿತು. ಅಧಿಸೂಚನೆ 2011ರಲ್ಲೊಮ್ಮೆ, 2019ರಲ್ಲೊಮ್ಮೆ ಮರುಹುಟ್ಟು ಪಡೆಯಿತು. ಕಡಲಿನ ಉಬ್ಬರ ದಿನಕ್ಕೆರಡು ಸಲ. ಅಧಿಸೂಚನೆಯ ಉಬ್ಬರಕ್ಕೆ ಪಂಚಾಂಗವಿಲ್ಲ.

ಸೂತ್ರ 1: ಫಲಕವು ಒರಗಲೆಂದೇ ನೆಟ್ಟುದು.
ಭಾಷ್ಯ: ‘ನೀರಿಗಿಳಿಯುವುದನ್ನು ನಿಷೇಧಿಸಿದೆ’ ಎಂಬ ಕೆಂಪಕ್ಷರದ ಫಲಕದ ಮೇಲೆ ಮೂರು ಪ್ಯಾಂಟುಗಳು ತೂಗುತ್ತಿದ್ದರೆ, ಅವುಗಳ ಒಡೆಯರು ನೀರಿನಲ್ಲಿದ್ದಾರೆಂದು ತಿಳಿಯತಕ್ಕದ್ದು. ಹೊಗೆ ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರಿಗೆ ಇದೇನೂ ಕಷ್ಟವಲ್ಲ.

ಸೂತ್ರ 2: ಬಲೆಯು ಋತುಭೇದದಿಂದ ದಿಕ್ಕು ಬದಲಿಸುವುದು.
ಭಾಷ್ಯ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನಲ್ಲಿ, ಮೀನುಗಳು ನಿಶ್ಚಿಂತೆಯಲ್ಲಿ. ಅದೇ ಮಳೆಗಾಲದಲ್ಲಿ ಮಲ್ಪೆಯ ದಡದುದ್ದಕ್ಕೂ ಬಲೆ ಕಟ್ಟುತ್ತಾರೆ, ಪ್ರವಾಸಿಗರನ್ನು ತಡೆಯಲು. ಬುದ್ಧಿಯಿಲ್ಲದ ಮೀನು ಬಲೆಗೆ ಬೀಳುತ್ತದೆ. ಬುದ್ಧಿಯುಳ್ಳ ಪ್ರವಾಸಿಗ ಬಲೆಯಡಿ ನುಸುಳುತ್ತಾನೆ.

ಪೂರ್ವಪಕ್ಷ: ‘ನಮಗೆ ಈಜು ಬರುತ್ತದೆ’ ಎಂದು ಈಜುಕೊಳದ ಪಂಡಿತರು ವಾದಿಸುವರು.
ಖಂಡನೆ: ಈಜುಕೊಳಕ್ಕೆ ಸೆಳೆತವಿಲ್ಲ. ಅಲೆಯಾಗಿ ದಡಕ್ಕೆ ಬಂದ ನೀರು ಕಿರಿದಾದ ಓಣಿ ಹಿಡಿದು ಜೋರಾಗಿ ವಾಪಸಾಗುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ. ನೀರು ಸಾಧುವಾಗಿ ಕಾಣುತ್ತದೆ. ಪಂಡಿತರು ಹುಡುಕಿಕೊಂಡು ಹೋಗಿ ಅಲ್ಲೇ ಇಳಿಯುವರು. ಸೆಳೆತಕ್ಕೆ ಎದುರಾಗಿ ಈಜಿದವನು ಸುಸ್ತಾಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಈಜಿದರೆ ಓಣಿ ದಾಟಬಹುದು.

ಸೂತ್ರ 3: ಸ್ವಚ್ಛತೆಗೆ ಬಾವುಟ ಸಾಕ್ಷಿ.
ಭಾಷ್ಯ: ಹೊನ್ನಾವರದ ಕಾಸರಕೋಡಿಗೂ ಪಡುಬಿದ್ರಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಸುರಕ್ಷತೆ ಇತ್ಯಾದಿ ಮಾನದಂಡಗಳು 33. ಚುರುಮುರಿ ತಿಂದವನೇ ಅದರ ಕಾಗದವನ್ನು ಬುಟ್ಟಿಗೆ ಹಾಕಬೇಕೆಂಬ 34ನೆಯದನ್ನು ಮಾನ್ಯತೆ ಕೊಡುವ ಡೆನ್ಮಾರ್ಕಿನ ಸಂಸ್ಥೆಯಿಂದ ತರಿಸಲಾಗದು. ಅದು ಮನೆಯಿಂದಲೇ ಬರಬೇಕು.

ಸಿದ್ಧಾಂತ: ಸಕಲ ಅಧಿಸೂಚನೆಗಳ ಸಾರವು ಜೀವರಕ್ಷಕನ ಕೊರಳಿನ ವಿಶಲ್‌ನಲ್ಲಿದೆ. ಅದಕ್ಕೆ ಭಾಷ್ಯ ಬೇಡ. ಊದಿದೊಡನೆ ಮೇಲೆ ಬನ್ನಿ. ವಾದ ಹೂಡಲು ದಡದಲ್ಲಿ 500 ಮೀಟರ್ ಜಾಗವನ್ನು ಸರ್ಕಾರವೇ ಕಾಯ್ದಿರಿಸಿದೆ.