ಇಷ್ಟಕಾ ಮೀಮಾಂಸೆ ಅಥವಾ ತುಂಡಿಗೆ ಹತ್ತು ಸೆಂಟ್

ಮಂಗಳಾಚರಣೆ

ಗ್ರಂಥಾರಂಭದಲ್ಲಿ ಇಷ್ಟದೇವತೆಗೆ ಕೈಮುಗಿಯುವುದು ವಾಡಿಕೆ. ನಮ್ಮ ಶಾಸ್ತ್ರಕ್ಕೆ ಒದಗಿದ ದೇವರು ಪಂಢರಪುರದ ವಿಠ್ಠಲ. ಪುಂಡಲೀಕ ಎಸೆದ ಒಂದೇ ಒಂದು ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ಯುಗಯುಗಗಳಿಂದ ನಿಂತಿದ್ದಾನೆ. ಅವನು ದೇವರೆಂಬುದಕ್ಕೆ ಬೇರೆ ಪ್ರಮಾಣ ಬೇಡ. ನಡುರಾತ್ರಿ ನೀರು ಕುಡಿಯಲೆದ್ದು ಬರಿಗಾಲಲ್ಲಿ ಲೆಗೋ ಎಂಬ ಆಟಿಕೆ ಇಟ್ಟಿಗೆಯ ಮೇಲೆ ಅರೆಕ್ಷಣ ನಿಂತ ನರಮನುಷ್ಯರು ಯಾರ ಹೆಸರು ಹಿಡಿದು ಕೂಗಿದರೆಂಬುದು ಬೀದಿಗೆಲ್ಲ ಗೊತ್ತು.

ಸೂತ್ರ 1: ಅಥಾತ ಇಷ್ಟಕಾಜಿಜ್ಞಾಸಾ

ಭಾಷ್ಯ: 'ಅಥ' ಎಂದರೆ ಆಮೇಲೆ. ಯಾವುದರ ಆಮೇಲೆ? ಸಂಬಳ ಬಂದಮೇಲೆ. ತಿಂಗಳ ಕೊನೆಯಲ್ಲಿ ಈ ಜಿಜ್ಞಾಸೆ ಹುಟ್ಟಿದ ನಿದರ್ಶನವಿಲ್ಲ. 'ಇಷ್ಟಕಾ' ತದ್ಭವವಾಗಿ 'ಇಟ್ಟಿಗೆ'ಯಾಯಿತೆಂದು ವೈಯಾಕರಣರು ಹೇಳುತ್ತಾರೆ. ಇಷ್ಟಪಟ್ಟವರು ಮಾತ್ರ ಕೊಳ್ಳುವುದರಿಂದ ಇಷ್ಟಕಾ ಎಂಬುದು ನಮ್ಮ ಮತ. ಬಿಲ್ಲು ಬಂದಮೇಲೆ 'ಕಷ್ಟಕಾ' ಎಂಬ ಪಾಠಾಂತರವೂ ಉಂಟು.

ಈ ಶಾಸ್ತ್ರದ ಪೂರ್ವಪಕ್ಷಿ ನಮ್ಮ ಮಾವನವರು. ಮೂರು ಮನೆ ಕಟ್ಟಿಸಿದವರು. ಲೋಡು ಬಂದರೆ ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ತಟ್ಟಿ, ಠಣ್ ಎಂದರೆ ಮಾತ್ರ ಇಳಿಸಲು ಬಿಟ್ಟವರು. ಅವರ ಆಕ್ಷೇಪ ಹೀಗಿದೆ: "ಅಳಿಯಂದ್ರೇ, ಹತ್ತು ರೂಪಾಯಿ ಕೊಟ್ರೆ ಮೂರು ಕೆಜಿ ತೂಗೋ ಸುಟ್ಟ ಇಟ್ಟಿಗೆ ಬರುತ್ತೆ. ನಿಮ್ದು ಎಷ್ಟು ತೂಗುತ್ತೆ?"

"ಎರಡೂವರೆ ಗ್ರಾಂ ಮಾವ."

"ಬೆಲೆ?"

"ಹೆಚ್ಚುಕಡಿಮೆ ಅಷ್ಟೇ."

ಅಂದು ಅವರು ಮಾತಾಡದೆ ಎದ್ದುಹೋದರು. ಅವರ ಮೌನಕ್ಕೆ ಉತ್ತರವಾಗಿ ಈ ಪ್ರಬಂಧ.

ಸೂತ್ರ 2: ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು

ಭಾಷ್ಯ: ಇದನ್ನು ಸಾಧಿಸದೆ ಯಾವ ಪ್ರಬಂಧವೂ ಪ್ರಬಂಧವಲ್ಲ. ಅಗ್ನಿಚಯನವೆಂಬ ವೈದಿಕ ಯಜ್ಞದಲ್ಲಿ ಗಿಡುಗದ ಆಕಾರದ ವೇದಿಕೆಯೊಂದಿದೆ, ಶ್ಯೇನಚಿತಿ ಎಂದು ಹೆಸರು. ಐದು ಪದರ, ಪದರಕ್ಕೆ ಇನ್ನೂರು, ಒಟ್ಟು ಸಾವಿರ ಇಟ್ಟಿಗೆ. ಯಾವ ಆಕಾರದ ಇಟ್ಟಿಗೆ ಎಲ್ಲಿ ಕೂರಬೇಕೆಂದು ಶುಲ್ಬಸೂತ್ರಗಳು ವಿಧಿಸುತ್ತವೆ. ಪೆಟ್ಟಿಗೆಯೊಳಗೆ ಬರುವ ಜೋಡಣೆಯ ಪುಸ್ತಕ ಇದಲ್ಲದೆ ಮತ್ತೇನು? ಇನ್ನು 2017ರಲ್ಲಿ ಲೆಗೋ ಹೊರತಂದ, ಹವ್ಯಾಸಿಗಳು ಹಲ್ಲು ಕಚ್ಚಿ ಕೊಂಡ ಆಕಾಶನೌಕೆಯ ಹೆಸರು ನೋಡಿ: ಮಿಲೇನಿಯಂ ಫಾಲ್ಕನ್. ಮಿಲೇನಿಯಂ ಎಂದರೆ ಸಾವಿರ, ಫಾಲ್ಕನ್ ಎಂದರೆ ಶ್ಯೇನ. ಸಾವಿರ ಇಟ್ಟಿಗೆಯ ಗಿಡುಗ! ಅದರಲ್ಲಿ 7,541 ತುಂಡುಗಳಿವೆಯಲ್ಲ ಎಂದು ಕೇಳುವ ಕುತರ್ಕಿಗಳಿಗೆ ಉತ್ತರ: ಮಿಕ್ಕಿದ 6,541 ಕಲಿಪ್ರಭಾವ.

ಸೂತ್ರ 3: ಜನ್ಮಲಗ್ನ ಶುದ್ಧವಾಗಿದೆ

ಭಾಷ್ಯ: ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡತೊಡಗಿದ. 'ಚೆನ್ನಾಗಿ ಆಡು' ಎಂಬರ್ಥದ ಡೇನಿಷ್ ಮಾತು 'ಲೈ ಗಾಟ್'ನ ಮೊದಲಕ್ಷರಗಳನ್ನು ಕೂಡಿಸಿ ಲೆಗೋ ಎಂದು ಹೆಸರಿಟ್ಟ. 'ಚೆನ್ನಾಗಿ ಕೊಡು' ಎಂಬ ಅರ್ಥ ಬಂದದ್ದು ಕಾಲಕ್ರಮದಲ್ಲಿ. 1949ರಲ್ಲಿ ಹೊರಬಂದ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗೆ ಇಂಗ್ಲೆಂಡಿನ ಹಿಲರಿ ಫಿಷರ್ ಪೇಜ್ ಮಾಡಿದ್ದ ಕಿಡ್ಡಿಕ್ರಾಫ್ಟ್ ಇಟ್ಟಿಗೆಯೇ ಮಾದರಿ. ಆದರೆ ಅದು ಒಳಗೆ ಟೊಳ್ಳು. ಕೂರಿಸಿದರೆ ಕೂರುತ್ತಿತ್ತು, ಹಿಡಿದು ಕೂರುತ್ತಿರಲಿಲ್ಲ. ಒಳಗೆ ಕೊಳವೆಗಳನ್ನಿಟ್ಟು, ಕೆಳಗಿನ ಇಟ್ಟಿಗೆಯ ಗುಬುಟುಗಳು ಅವುಗಳ ಸಂದಿಯಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುವ ಉಪಾಯಕ್ಕೆ ಮಗ ಗಾಟ್‌ಫ್ರೆಡ್ ಪೇಟೆಂಟ್ ಅರ್ಜಿ ಹಾಕಿದ್ದು 28 ಜನವರಿ 1958ರ ಮಧ್ಯಾಹ್ನ 1 ಗಂಟೆ 58 ನಿಮಿಷಕ್ಕೆ. ಅಂದು ಮಂಗಳವಾರ. ಗುಳಿಕಕಾಲ ಒಂದೂವರೆಗೆ ಮುಗಿದಿತ್ತು, ರಾಹುಕಾಲ ಮೂರಕ್ಕೆ ಶುರು. ಇಷ್ಟು ಕರಾರುವಾಕ್ಕಾದ ಮುಹೂರ್ತ ಡೇನರಿಗೆ ಹೇಗೆ ಸಿಕ್ಕಿತೆಂಬುದು ಸಂಶೋಧನಾರ್ಹ.

ಸೂತ್ರ 4: ಹಿಡಿತವೇ ಹಿರಿಮೆ

ಭಾಷ್ಯ: 1963ರಿಂದ ಇಟ್ಟಿಗೆಯ ಮೂಲದ್ರವ್ಯ ಎಬಿಎಸ್ ಎಂಬ ಪ್ಲಾಸ್ಟಿಕ್. ಅಕ್ಕಿಕಾಳಿನಂಥ ಅದರ ಹರಳುಗಳನ್ನು ಸುಮಾರು 230 ಡಿಗ್ರಿ ಶಾಖದಲ್ಲಿ ಕರಗಿಸಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ, ಕೆಲವೇ ಸೆಕೆಂಡು ತಣಿಸಿ ಉದುರಿಸುತ್ತಾರೆ. ನಮ್ಮ ಗೂಡಿನಲ್ಲಿ ದಿನಗಟ್ಟಲೆ ಬೇಯುವುದು ಅಲ್ಲಿ ತೂಕಡಿಸುವಷ್ಟರಲ್ಲಿ ಮುಗಿಯುತ್ತದೆ. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರು, ಇಟ್ಟಿಗೆಯ ಎತ್ತರ 9.6, ತೆಳುಹಲಗೆಯದು 3.2. ಮೂರು ಹಲಗೆ ಸೇರಿದರೆ ಒಂದು ಇಟ್ಟಿಗೆ. ಅಚ್ಚಿನಲ್ಲಿ ಮಿಲಿಮೀಟರಿನ ಸಾವಿರದಲ್ಲಿ ಐದಾರು ಭಾಗ ತಪ್ಪಿದರೂ ಕೆಲಸ ಕೆಟ್ಟಿತು. ಶುಲ್ಬಸೂತ್ರಕಾರ ಬೌಧಾಯನರು ಅಂಗುಲವೊಂದಕ್ಕೆ 34 ಎಳ್ಳು ಎಂದು ಲೆಕ್ಕ ಕೊಟ್ಟಿದ್ದಾರೆ. ಆ ಪ್ರಕಾರ ಬಿಲುಂಡಿನ ತಪ್ಪು ಒಂದು ಎಳ್ಳಿನ ನೂರರಲ್ಲೊಂದು ಪಾಲು. ಎಳ್ಳನ್ನು ನೂರಾಗಿ ಸೀಳುವವರು ಕೂಲಿ ಜಾಸ್ತಿ ಕೇಳಿದರೆ ತಪ್ಪೇನು?

ಈ ನಿಷ್ಠುರದ ಫಲ: 1958ರ ವಿನ್ಯಾಸದ ಇಟ್ಟಿಗೆ ಇಂದಿನದಕ್ಕೂ ಕೂರುತ್ತದೆ. ಎಂಟು ಗುಬುಟಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು, ಮೂರನ್ನು 1,060 ರೀತಿಯಲ್ಲಿ. ಆರನ್ನು ಎಷ್ಟು ರೀತಿಯಲ್ಲೆಂದು ಕೋಪನ್‌ಹೇಗನ್ನಿನ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರ್ ಹೂಡಿ ಎಣಿಸಿದರು: 91,51,03,765. ಇಂಥ ಆರು ಇಟ್ಟಿಗೆ ಕೈಯಲ್ಲಿರುವಾಗ ಮತ್ತೊಂದು ಪೆಟ್ಟಿಗೆ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಶಾಸ್ತ್ರಕಾರರು ಆ ಪ್ರಶ್ನೆಯನ್ನು ಎತ್ತಿಲ್ಲ.

ಸೂತ್ರ 5: ತುಂಡಿಗೆ ಹತ್ತು ಸೆಂಟ್

ಭಾಷ್ಯ: ಇದು ಹವ್ಯಾಸಿಗಳ ಮಹಾವಾಕ್ಯ. ಪೆಟ್ಟಿಗೆಯ ಬೆಲೆಯನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸು. ಹತ್ತು ಸೆಂಟಿಗಿಂತ ಕಡಿಮೆ ಬಂದರೆ ಲಾಭವೆಂದು ಕೊಳ್ಳು, ಹೆಚ್ಚು ಬಂದರೆ ಅಪರೂಪವೆಂದು ಕೊಳ್ಳು. 2021ರ ವಿಶ್ವಭೂಪಟದಲ್ಲಿ 11,695 ತುಂಡು, ಬೆಲೆ 249.99 ಡಾಲರು, ತುಂಡಿಗೆ ಎರಡು ಸೆಂಟಿನಷ್ಟು. ಬಹುಪಾಲು ಗುಂಡನೆಯ ಸಣ್ಣ ಬಿಲ್ಲೆಗಳು. ಮೇಲೆ ಹೇಳಿದ ಗಿಡುಗನೌಕೆ 2017ರಲ್ಲಿ ಬಂದಾಗ 799.99 ಡಾಲರು, ತುಂಡಿಗೆ ಹತ್ತೂವರೆ ಸೆಂಟ್. ಇಡೀ ಜಗತ್ತು ಎರಡು ಸೆಂಟಿಗೆ, ಎಲ್ಲೂ ಇಲ್ಲದ ವಿಮಾನ ಹತ್ತೂವರೆಗೆ! ಜಗತ್ತು ಮಿಥ್ಯೆ ಎಂದವರ ಮಾತಿಗೆ ಇದಕ್ಕಿಂತ ಅಗ್ಗದ ಪ್ರಮಾಣ ಬೇಕೆ? 1999ರಿಂದ ಲೆಗೋ ಕಟ್ಟುತ್ತ ಬಂದಿರುವ ಸ್ಟಾರ್ ವಾರ್ಸ್ ಸಿನಿಮಾದ ನೌಕೆಯದು. ಪರರ ಕಲ್ಪನೆಗೂ ಬಾಡಿಗೆಯುಂಟು.

ಇನ್ನು ತಾಜಮಹಲು. 2008ರದ್ದು 5,922 ತುಂಡು, 299.99 ಡಾಲರು. 2017ರಲ್ಲಿ ಮತ್ತೆ ಬಂದಾಗ 5,923 ತುಂಡು, 369.99 ಡಾಲರು. ತರ್ಕಶಾಸ್ತ್ರದ ಪ್ರಕಾರ ಆ ಹೆಚ್ಚುವರಿ ಒಂದು ತುಂಡಿನ ಬೆಲೆ 70 ಡಾಲರು. ಷಹಜಹಾನನೂ ಅಷ್ಟು ಕೊಟ್ಟಿರಲಾರ. ಹಾಗೆಂದು ಕಂಪನಿಗೂ ಸುಖವಿರಲಿಲ್ಲ. ತುಂಡಿನ ನಮೂನೆ ಒಂದು ಹೆಚ್ಚಿದರೆ ಅಚ್ಚೂ ಒಂದು ಹೆಚ್ಚು, ಅಚ್ಚು ಹೆಚ್ಚಿದಂತೆ ಖರ್ಚು ಹೆಚ್ಚು. ಈ ಶತಮಾನದ ಆರಂಭದಲ್ಲಿ ನಮೂನೆಗಳು 13 ಸಾವಿರದ ಹತ್ತಿರ ಏರಿ ಕಂಪನಿ ಮುಳುಗುವ ಹಂತಕ್ಕೆ ಬಂತು. 2004ರಲ್ಲಿ ಮುಖ್ಯಸ್ಥರಾದ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಅವನ್ನು ಅರ್ಧದಷ್ಟಕ್ಕೆ ಇಳಿಸಿದರು. ಸಾಮಾನಿಲ್ಲದೆ ಮನೆ ಹಾಳಾಗುವುದಕ್ಕಿಂತ ಸಾಮಾನು ಹೆಚ್ಚಾಗಿ ಹಾಳಾಗುವುದೇ ಜಾಸ್ತಿ. ನಮ್ಮ ಅಟ್ಟ ಸಾಕ್ಷಿ.

ಪೇಟೆಂಟಿನ ಅವಧಿ ಎಂದೋ ತೀರಿದೆ. ಇಟ್ಟಿಗೆಯ ಆಕಾರವನ್ನಾದರೂ ತನ್ನ ಗುರುತಾಗಿ ಉಳಿಸಿಕೊಡಿ ಎಂಬ ಕೋರಿಕೆಯನ್ನು ಐರೋಪ್ಯ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಅದು ಗುರುತಲ್ಲ, ಕೆಲಸ ಮಾಡುವ ಉಪಾಯ ಎಂಬುದು ತೀರ್ಪಿನ ಸಾರ. ಹಾಗಾಗಿ ಗುಬುಟು ಯಾರಪ್ಪನ ಸೊತ್ತೂ ಅಲ್ಲ. ಅರ್ಧ ಬೆಲೆಗೆ ಮಾರುವವರೂ ಇದ್ದಾರೆ. ಆದರೂ ಹವ್ಯಾಸಿ ಪೂರ್ತಿ ಬೆಲೆ ಕೊಡುತ್ತಾನೆ. ಅವನು ಕೊಳ್ಳುವುದು ಪ್ಲಾಸ್ಟಿಕ್ಕನ್ನಲ್ಲ, 'ಟಕ್' ಎಂಬ ಸದ್ದನ್ನು. ಮಾವನವರು ಲೋಡಿನ ಮುಂದೆ ನಿಂತು ಕಾಯುತ್ತಿದ್ದ 'ಠಣ್' ಇದಕ್ಕೆ ಸೋದರ.

ಸೂತ್ರ 6: ಸುಂಕದ ಕಟ್ಟೆಯಲ್ಲಿ ಸುಖದುಃಖ ಹೇಳಬೇಡ

ಭಾಷ್ಯ: ಬಿಲುಂಡಿನಿಂದ ಬೆಂಗಳೂರಿಗೆ ಬರುವಾಗ ಸೆಂಟಿನ ಮಹಾವಾಕ್ಯ ಕಡಲಲ್ಲಿ ಕರಗುತ್ತದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿತು. ಚನ್ನಪಟ್ಟಣದ ಗೊಂಬೆ ಕೊಂಡರೆ ಈ ಕಾಟವಿಲ್ಲ ಎಂದು ಹಿತೈಷಿಗಳು ಹೇಳುತ್ತಾರೆ. ಆ ಅರಗಿನ ಬಣ್ಣದ ಕುದುರೆ ಒಂದೇ ಸಲಕ್ಕೆ ಪೂರ್ತಿಯಾದದ್ದು, ಇನ್ನೊಂದನ್ನು ಬೇಡದು. ನಮ್ಮ ರೋಗಕ್ಕೆ ಅದು ಮದ್ದಲ್ಲ.

ಉಪಸಂಹಾರ

ಇಷ್ಟು ಬರೆದು ಮಲಗಿದ್ದೆ. ನಡುರಾತ್ರಿ ಹಜಾರದಲ್ಲಿ ದೀಪ ಕಂಡಿತು. ಕನ್ನಡಕ ಏರಿಸಿಕೊಂಡು ಮಾವನವರು ಮೇಜಿನ ಮುಂದೆ ಕೂತಿದ್ದರು. ನಾನು ಮೂರು ಸಂಜೆ ಕೂತು ಎಬ್ಬಿಸಿದ್ದ ಗೋಡೆ ಬಿಚ್ಚಿಹೋಗಿತ್ತು.

"ಯಾವ ಮೇಸ್ತ್ರಿ ಕಟ್ಟಿದ್ದು ಇದು? ಸಂದಿನ ಮೇಲೆ ಸಂದು ಬಂದಿದೆ. ಒಂದು ಮಳೆಗೆ ಸೀಳು ಬಿಡುತ್ತೆ."

ಒಂದು ವರಸೆ ಬಿಟ್ಟು ಒಂದು ವರಸೆ ಸಂದು ತಪ್ಪಿಸಿ ಅವರು ಗೋಡೆಯನ್ನು ಹೊಸದಾಗಿ ಎಬ್ಬಿಸಿದ್ದರು. ಟಕ್, ಟಕ್. ಮೂಲೆಗೆ ಬಂದು ಕೈ ನಿಂತಿತು.

"ಇಲ್ಲಿಗೆ ಅರ್ಧ ಇಟ್ಟಿಗೆ ಬೇಕು. ಇದನ್ನ ಒಡೆಯೋದು ಹೇಗೆ?"

"ಒಡೆಯೋಕಾಗಲ್ಲ ಮಾವ. ಕೊಂಡ್ಕೋಬೇಕು."

ಅವರು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು.

"ಎಷ್ಟಂತೆ?"