ಮೊದಲಿಂದಲೇ ಇದ್ದದ್ದು

ವಾರಂಟಿ ಕಾರ್ಡಿನ ಮುಂದಿನ ಪುಟ ಎಲ್ಲ ಊರಿಗೂ ಒಂದೇ. ಹಿಂದಿನ ಪುಟವನ್ನು ಮಾತ್ರ ನಮ್ಮ ಸೇಡಂ ಸೀಮೆಗೆಂದೇ ಅಚ್ಚು ಹಾಕಿಸಿದ್ದಾರೆ ಎಂದು ನನಗೆ ಬಲವಾದ ಅನುಮಾನ. ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಅಲ್ಲಿ ಬರೆದಿರುತ್ತದೆ: ಗಡಸು ನೀರಿಗೆ ನಾವು ಹೊಣೆಯಲ್ಲ, ವೋಲ್ಟೇಜ್ ಏರಿಳಿತಕ್ಕೆ ಹೊಣೆಯಲ್ಲ, ಧೂಳಿಗೆ ಹೊಣೆಯಲ್ಲ, ಇಲಿ ಹಲ್ಲಿ ಇತ್ಯಾದಿ ಪ್ರಾಣಿಗಳಿಗೂ ಹೊಣೆಯಲ್ಲ. ನೀರು ನಮ್ಮದು, ಧೂಳು ವಾಡಿ-ಶಹಾಬಾದಿನದು. ವೋಲ್ಟೇಜಿನ ಸುದ್ದಿ ಚಿತ್ತಾಪುರದ ನಮ್ಮ ಬೀಗರನ್ನು ಕೇಳಬೇಕು. 230ರಲ್ಲಿ ಇರಬೇಕಾದ ಅವರ ಸ್ಟೆಬಿಲೈಸರಿನ ಮುಳ್ಳು ಬೇಸಿಗೆಯ ಸಂಜೆ ತೂಕಡಿಸುತ್ತಿರುತ್ತದೆ. ಪ್ರಾಣಿಗಳ ಬಾಬತ್ತಿಗೆ ಚಿಂಚೋಳಿ ಇದೆ, ಅಲ್ಲಿ ಸರ್ಕಾರವೇ ವನ್ಯಜೀವಿ ಧಾಮ ಮಾಡಿಟ್ಟಿದೆ. ಇಷ್ಟನ್ನೂ ಕಳೆದರೆ ವಾರಂಟಿ ಉಳಿಯುವುದು ಬಹುಶಃ ಮಡಿಕೇರಿಯಲ್ಲಿ.

ಗೀಜರ್ ಕೊಂಡಾಗ ಅಂಗಡಿಯ ಹುಡುಗ, "ಎಕ್ಸ್‌ಟೆಂಡೆಡ್ ವಾರಂಟಿ ಮಾಡಸ್ರಿ ಕಾಕಾ, ಚಿಂತಿನೇ ಇರಂಗಿಲ್ಲ" ಎಂದಿದ್ದ. ಮಾಡಿಸಿದೆವು. ಕಂಪನಿಯ ವಾರಂಟಿ ಮುಗಿದು ಇದು ಶುರುವಾದ ಮೊದಲ ಚಳಿಗಾಲಕ್ಕೇ ನೀರು ಬಿಸಿಯಾಗುವುದು ನಿಂತಿತು. ಕಲಬುರಗಿಯಿಂದ ಬಂದ ಟೆಕ್ನಿಶಿಯನ್ ಟ್ಯಾಂಕ್ ಬಿಚ್ಚಿ ಕಾಯಿಲ್ ಹೊರಗೆಳೆದ. ಲೋಹದ ಬಣ್ಣವೇ ಕಾಣದು. ಸುತ್ತಲೂ ಹೆಬ್ಬೆರಳು ದಪ್ಪ ಬೂದುಬಿಳಿ ಹೊಪ್ಪಳಿಕೆ, ಒಂದು ಕಡೆ ಒಡೆದು ಕರಿ ಮಸಿ. ನೆಲಕ್ಕೆ ತಟ್ಟಿದ, ಕಲ್ಲಿಗೆ ಕಲ್ಲು ಬಡಿದ ಸದ್ದು. ಸಹಜವೇ. ನಮ್ಮ ನೆಲಕ್ಕೆ ಹಾಸಿದ ಶಹಾಬಾದ್ ಫರ್ಶಿಯೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಕಾಯಿಲಿಗೆ ಮೆತ್ತಿದ್ದೂ ಅದೇ. ಬೋರಿನ ನೀರು ಸುಣ್ಣಕಲ್ಲಿನ ಸಂದಿಯಲ್ಲಿ ಹಾದು ಬರುವಾಗ ಅದನ್ನು ಕರಗಿಸಿ ಹೊತ್ತು ತರುತ್ತದೆ, ಕಾಯಿಸಿದಲ್ಲಿ ಇಳಿಸಿ ಹೋಗುತ್ತದೆ. ಶಾಖ ಆ ಪದರ ದಾಟಲಾರದೆ ಕಾಯಿಲ್ ತನ್ನ ಬಿಸಿಗೆ ತಾನೇ ಬಿರಿಯುತ್ತದೆ.

ಟೆಕ್ನಿಶಿಯನ್ ಫೋಟೊ ಹೊಡೆದುಕೊಂಡು ಫಾರ್ಮಿನಲ್ಲಿ 'ಪ್ರೀ ಎಗ್ಸಿಸ್ಟಿಂಗ್' ಎಂದು ಗೀಚಿದ.

"ಅಂದ್ರ?"

"ಈ ಪಾಲಿಸಿ ಚಾಲೂ ಆಗೂದಕಿಂತ ಮೊದ್ಲೇ ಇದ್ದ ಪ್ರಾಬ್ಲಮ್ ಅದ ರೀ. ಕವರ್ ಆಗಂಗಿಲ್ಲ."

"ಎಷ್ಟ್ ಮೊದ್ಲಿಂದು?" ಎಂದಳು ನನ್ನ ಹೆಂಡತಿ.

ಅವನಿಗೆ ಗೊತ್ತಿರಲಿಲ್ಲ. ಭೂವಿಜ್ಞಾನಿಗಳಿಗೆ ಗೊತ್ತಿದೆ. ಭೀಮಾ ತೀರದ ಈ ಸುಣ್ಣಕಲ್ಲು 50 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರಗಟ್ಟಿದ್ದು. ಆಗಿನ್ನೂ ಡೈನೊಸಾರ್‌ಗಳೂ ಹುಟ್ಟಿರಲಿಲ್ಲ. ಇದೇ ಸೀಮೆಯ ಮಳಖೇಡದಲ್ಲಿ ರಾಷ್ಟ್ರಕೂಟರು ರಾಜಧಾನಿ ಮಾಡಿಕೊಂಡರು, ಇದೇ ಕಲ್ಲನ್ನು ನಂಬಿ ಸಿಮೆಂಟ್ ಕಾರ್ಖಾನೆಗಳು ಬಂದವು. ಅಮೋಘವರ್ಷನ ಹಂಡೆಯ ತಳದಲ್ಲೂ ಸುಣ್ಣ ಕಟ್ಟಿದ್ದೀತು. ಫಾರ್ಮ್ ತುಂಬುವ ರಗಳೆ ಅವನಿಗಿರಲಿಲ್ಲ, ಅಷ್ಟೆ. ಅಂತೂ ಟೆಕ್ನಿಶಿಯನ್ ಮಾತಿನಲ್ಲಿ ಸುಳ್ಳಿಲ್ಲ. ಆದರೆ ವಿಳಾಸದ ಕಾಲಮಿನಲ್ಲಿ ಸೇಡಂ ಎಂದು ಓದಿಯೇ ಅಲ್ಲವೇ ದುಡ್ಡು ಎಣಿಸಿಕೊಂಡದ್ದು?

ಗ್ಯಾರಂಟಿ ನಮ್ಮ ಭಾಗಕ್ಕೆ ಹೊಸದೇನಲ್ಲ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಓಡಿದ ರೈಲು ಮುಂದೆ 'ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ' ಎಂಬ ಕಂಪನಿಯ ಪಾಲಾಯಿತು. ಗ್ಯಾರಂಟಿ ಇದ್ದದ್ದು ಬಂಡವಾಳ ಹಾಕಿದವರಿಗೆ: 20 ವರ್ಷ, ನೂರಕ್ಕೆ 5ರಂತೆ, ನಿಜಾಮರ ಖಜಾನೆಯಿಂದ. ಗಾಡಿ ಲೇಟಾದರೆ ಪ್ಯಾಸೆಂಜರು ಕಾಯಬೇಕು, ಬಡ್ಡಿ ಮಾತ್ರ ಲೇಟಾಗುವಂತಿಲ್ಲ. ನನ್ನ ವಾರಂಟಿ ಆ ಮನೆತನದ್ದೇ ಇರಬೇಕು.

ಅಮೆರಿಕದಲ್ಲಿ ಹಳೇ ಮನೆ ಕೊಂಡರೂ ಮನೆಯೊಳಗಿನ ಎಸಿ, ಗೀಜರ್, ಪೈಪುಗಳಿಗೆಲ್ಲ ಸೇರಿಸಿ ವರ್ಷದ ವಾರಂಟಿ ಸಿಗುತ್ತದೆ. ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮಗ ಅದನ್ನು ಬಹಳ ಹೊಗಳುತ್ತಿದ್ದ. ಈಚೆಗೆ ಅವನ ಎಸಿ ಕೆಟ್ಟಿತು. "ನೀವು ಕೊಳ್ಳೋ ಮೊದ್ಲೇ ಕೆಟ್ಟಿತ್ತು ಅಂತಾರ ಮಾಮಾ" ಎಂದು ಫೋನ್ ಮಾಡಿದ. ನಮ್ಮ ಕಾಯಿಲಿನ ಕಥೆ ಕೇಳಿ ಅವನಿಗೆ ಎಷ್ಟೋ ಸಮಾಧಾನವಾಯಿತು.

"ಬಿಡಬ್ಯಾಡ್ರಿ, ಕಲಬುರಗಿ ಗ್ರಾಹಕರ ಆಯೋಗಕ್ಕ ಹಾಕ್ರಿ" ಎಂದರು ಎದುರು ಮನೆಯ ನಿವೃತ್ತ ಮಾಸ್ತರರು. 2019ರ ಕಾಯ್ದೆ ಅವರಿಗೆ ಬಾಯಿಪಾಠ: 2 ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದ ತನಕ ಶುಲ್ಕವಿಲ್ಲ, ವಕೀಲರನ್ನು ಹಿಡಿಯಲೇಬೇಕೆಂದೂ ಇಲ್ಲ. ಅರ್ಜಿ ಬರೆಯುತ್ತಿದ್ದೇನೆ. ಆದರೆ ಅರ್ಜಿ ಬರೆಯುವವನೂ ದಿನಾ ಸ್ನಾನ ಮಾಡಬೇಕಲ್ಲ. ಓಣಿಯ ಮಿಸ್ತ್ರಿಯನ್ನು ಕರೆಸಿದೆವು.

ಅವನು ಫಾರ್ಮ್ ಗೀಮ್ ಏನೂ ಕೇಳಲಿಲ್ಲ. ಟ್ಯಾಂಕಿನಿಂದ ಅರ್ಧ ಬುಟ್ಟಿ ಸುಣ್ಣದ ಚಕ್ಕೆ ತೆಗೆದು ಚೆಲ್ಲಿ, ಹೊಸ ಕಾಯಿಲ್ ಕೂರಿಸಿ, ಸ್ವಿಚ್ ಹಾಕಿ ತೋರಿಸಿದ. "ಗ್ಯಾರಂಟಿ ಏನಪ್ಪಾ?" ಎಂದೆ.

"ನಾ ಎಲ್ಲಿ ಹೋಗ್ತೀನ್ರಿ ಕಾಕಾ? ಇದೇ ಓಣ್ಯಾಗ ಇರ್ತೀನಿ. ಯಾವಾಗರೆ ಕರೀರಿ, ಬರ್ತೀನಿ." ರೊಕ್ಕ ಜೇಬಿಗಿಳಿಸಿ ಹೊಸ್ತಿಲ ತನಕ ಹೋದವನು ಹೊರಳಿ ನಿಂತ. "ನೀರಿಂದು ಮಾತ್ರ ನನಗ ಕೇಳಬ್ಯಾಡ್ರಿ."