ತಾಳೆರಾಯರು

ಲೆಕ್ಕಪತ್ರದ ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು, ಒಂದರಲ್ಲಿರುವುದು ಇನ್ನೊಂದರಲ್ಲಿಯೂ ಇದೆಯೇ ಎಂದು ಸಾಲುಸಾಲಿಗೂ ಗುರುತು ಹಾಕುತ್ತ ಹೋಗುವ ಕೆಲಸಕ್ಕೆ ತಾಳೆ ನೋಡುವುದು ಎಂಬ ಹೆಸರು ಕಚೇರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕಂಪ್ಯೂಟರು ಬಂದ ಮೇಲೆ ಇದೇ ಕೆಲಸವು ಸಿಂಕ್ ಎಂಬ ಹೆಸರು ಪಡೆದು, ಗುಮಾಸ್ತರ ಕೆಂಪು ಪೆನ್ಸಿಲಿನಿಂದ ಬಿಡುಗಡೆ ಹೊಂದಿ, ತನ್ನಷ್ಟಕ್ಕೆ ತಾನೇ ನಡೆದುಕೊಂಡು ಹೋಗುತ್ತದೆಂದು ಲೋಕವು ನಂಬಿತು. ಆ ನಂಬಿಕೆಯನ್ನು ಸುಳ್ಳು ಮಾಡಲೆಂದೇ ಪ್ರತಿ ಕಚೇರಿಯಲ್ಲಿ ಒಬ್ಬರು ಹುಟ್ಟಿಕೊಂಡಿರುತ್ತಾರೆ. ಅಂಥವರನ್ನು ಈ ಬರಹದಲ್ಲಿ ತಾಳೆರಾಯರು ಎಂದು ಕರೆಯಲಾಗಿದೆ. ಇಲ್ಲಿನ ಬಹುವಚನವು ಗೌರವಸೂಚಕವೇ ಹೊರತು ಸಂಖ್ಯಾಸೂಚಕವಲ್ಲ, ಏಕೆಂದರೆ ಒಂದೇ ಕಚೇರಿಯಲ್ಲಿ ಅಂಥವರು ಇಬ್ಬರಿದ್ದರೆ ಆ ಕಚೇರಿ ಉಳಿಯುವುದು ಕಷ್ಟ.

ಕಚೇರಿಯ ಸರ್ವರಿನಲ್ಲಿರುವ ಕ್ಯಾಲೆಂಡರು, ಅಂದರೆ ಸಭೆ, ಗಡುವು, ರಜೆಗಳ ದಿನಚರಿಯೂ, ಕಾಂಟ್ಯಾಕ್ಟ್ಸ್, ಅಂದರೆ ವ್ಯವಹಾರದ ಜನರ ಹೆಸರು, ವಿಳಾಸ, ಫೋನ್ ಸಂಖ್ಯೆಗಳ ಪಟ್ಟಿಯೂ ತಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ಇಮೇಲ್ ತಂತ್ರಾಂಶಕ್ಕೆ ಬಂದು ನೆಲೆಸಬೇಕೆಂಬ ಹಂಬಲವೇ ತಾಳೆರಾಯರ ಪ್ರಧಾನ ಲಕ್ಷಣ. ಅದೆಲ್ಲ ಬ್ರೌಸರಿನಲ್ಲೇ ಕಾಣುತ್ತದಲ್ಲ ಎಂದು ಕಿರಿಯರು ಕೇಳಿದರೆ, ಬ್ರೌಸರಿನದು ಬಾಡಿಗೆ ಮನೆ, ಡೆಸ್ಕ್‌ಟಾಪಿನದು ಸ್ವಂತ ಮನೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಸ್ವಂತ ಮನೆಯ ಹೆಸರು ಸಾಮಾನ್ಯವಾಗಿ ಥಂಡರ್‌ಬರ್ಡ್. ಮೊಜಿಲ್ಲಾ ಪ್ರತಿಷ್ಠಾನವು 2004ರ ಡಿಸೆಂಬರಿನಲ್ಲಿ ಮೊದಲ ಆವೃತ್ತಿಯನ್ನು ಹೊರತಂದ ಈ ಉಚಿತ ತಂತ್ರಾಂಶದಲ್ಲಿ ಆರಂಭಕ್ಕೆ ಕ್ಯಾಲೆಂಡರೇ ಇರಲಿಲ್ಲ. ಅದಕ್ಕೆ ಲೈಟ್ನಿಂಗ್ ಎಂಬ ಆಡ್-ಆನ್, ಅಂದರೆ ಹೊರಗಿನಿಂದ ತಂದು ಜೋಡಿಸುವ ತುಣುಕು, ಬೇಕಾಗುತ್ತಿತ್ತು, ಮತ್ತು 2015ರಿಂದಷ್ಟೇ ಅದು ಜೊತೆಯಲ್ಲಿಯೇ ಬರತೊಡಗಿತು. ಸ್ವಾತಂತ್ರ್ಯಪೂರ್ವ, ಸ್ವಾತಂತ್ರ್ಯೋತ್ತರ ಎಂದು ಇತರರು ಕಾಲವನ್ನು ವಿಂಗಡಿಸುವ ಕಡೆ ರಾಯರು ಲೈಟ್ನಿಂಗ್‌ಪೂರ್ವ, ಲೈಟ್ನಿಂಗೋತ್ತರ ಎಂದು ವಿಂಗಡಿಸುತ್ತಾರೆ.

ರಾಯರ ಪಾಂಡಿತ್ಯವನ್ನು ಅಲ್ಲಗಳೆಯುವಂತಿಲ್ಲ. ದಿನಚರಿಯನ್ನು ಒಂದು ಕಡತವಾಗಿ ಬರೆಯುವ ಐಕ್ಯಾಲೆಂಡರ್ ಎಂಬ ಮಾನಕವು 1998ರಲ್ಲಿ ಪ್ರಕಟವಾಗಿ 2009ರಲ್ಲಿ ಪರಿಷ್ಕಾರಗೊಂಡಿತೆಂಬುದೂ, ಆ ದಿನಚರಿಯನ್ನು ಸರ್ವರಿಗೂ ಕಂಪ್ಯೂಟರಿಗೂ ನಡುವೆ ಎರಡೂ ದಿಕ್ಕಿನಲ್ಲಿ ಸಾಗಿಸುವ ಕ್ಯಾಲ್‌ಡಾವ್ 2007ರದೆಂಬುದೂ, ಪರಿಚಿತರ ಪಟ್ಟಿಗೆ ಅದೇ ಸೇವೆ ಸಲ್ಲಿಸುವ ಕಾರ್ಡ್‌ಡಾವ್ 2011ರದೆಂಬುದೂ ಅವರಿಗೆ ಕಂಠಪಾಠ. ಇವುಗಳ ವ್ಯತ್ಯಾಸವನ್ನು ಅವರು ವಿವರಿಸುವ ರೀತಿಯೂ ಸೊಗಸು. ಕೇವಲ ಒಂದು ಕೊಂಡಿಯ ಮೂಲಕ ಐಕ್ಯಾಲೆಂಡರ್ ಕಡತಕ್ಕೆ ಚಂದಾದಾರನಾಗುವುದು ಯುಗಾದಿಯ ಪಂಚಾಂಗ ಶ್ರವಣವಿದ್ದಂತೆ, ಕೇಳಿಕೊಂಡು ಬರಬಹುದೇ ಹೊರತು ತಿದ್ದುವ ಹಕ್ಕು ಕೇಳುಗನಿಗಿಲ್ಲ. ಕ್ಯಾಲ್‌ಡಾವ್ ಮದುವೆಯ ಮಾತುಕತೆಯಿದ್ದಂತೆ, ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ತಾರೀಖು ಬದಲಿಸಬಹುದು, ಬದಲಿಸಿದ್ದು ಇನ್ನೊಂದು ಕಡೆಗೆ ತಿಳಿಯಲೇಬೇಕು. ಕಚೇರಿಯ ಸರ್ವರು ಎಕ್ಸ್‌ಚೇಂಜ್ ಆಗಿದ್ದು ಅದು ತನ್ನದೇ ಭಾಷೆಯನ್ನಾಡುವುದರಿಂದ ಟಿಬಿಸಿಂಕ್ ಎಂಬ ಆಡ್-ಆನ್ ದುಭಾಷಿಯಾಗಿ ಬರಬೇಕಾಗುತ್ತಿತ್ತು. 2020ರಲ್ಲಿ ಥಂಡರ್‌ಬರ್ಡಿನ 78ನೆಯ ಆವೃತ್ತಿಯು ಹಳೆಯ ಬಗೆಯ ಆಡ್-ಆನ್‌ಗಳಿಗೆ ಬಾಗಿಲು ಮುಚ್ಚಿದಾಗ ರಾಯರು ತಿಂಗಳುಗಟ್ಟಲೆ ಅಪ್‌ಡೇಟ್ ಮಾಡಿಕೊಳ್ಳದೆ ಉಳಿದದ್ದು ಒಂದು ಬಗೆಯ ಅಸಹಕಾರ ಚಳವಳಿಯೇ ಆಗಿತ್ತು.

ಮನೆಯಲ್ಲಿ ಈ ವಿದ್ಯೆಗೆ ಅಷ್ಟು ಮರ್ಯಾದೆಯಿಲ್ಲ. ಸಿಂಕ್ ಕಟ್ಟಿಕೊಂಡಿದೆ, ಏನೂ ಹರೀತಾ ಇಲ್ಲ ಎಂದು ರಾಯರು ಕಚೇರಿಯಿಂದ ಫೋನಿನಲ್ಲಿ ಗೊಣಗಿದ್ದನ್ನು ಕೇಳಿ ಅವರ ಪತ್ನಿ ಪ್ಲಂಬರನ್ನು ಕರೆಸಿ, ಪಾತ್ರೆ ತೊಳೆಯುವ ಕಡೆಯ ಪೈಪು ಬಿಚ್ಚಿಸಿದ ದಿನವೊಂದಿದೆ.

ಮಂಗಳವಾರದ ಪ್ರಸಂಗವು ಇದಕ್ಕಿಂತ ದೂರ ಹರಿಯಿತು. ಅನುಭವಿಗಳಾದ ರಾಯರು ಯಾವ ಮಹತ್ವದ ಕೆಲಸವೂ ರಾಹುಕಾಲದಲ್ಲಿ ಬೀಳಬಾರದೆಂದು ಪ್ರತಿ ಮಂಗಳವಾರ ಮಧ್ಯಾಹ್ನ 3ರಿಂದ 4:30ರವರೆಗೆ ಆರ್.ಕೆ. ಎಂಬ ಎರಡಕ್ಷರದ ಶೀರ್ಷಿಕೆಯಲ್ಲಿ ತಮ್ಮ ಸ್ವಂತ ಕ್ಯಾಲೆಂಡರಿನಲ್ಲಿ ಸಮಯ ಕಾದಿರಿಸಿದ್ದರು. ತಾಳೆಯ ಧರ್ಮಕ್ಕನುಗುಣವಾಗಿ ಅದು ಕಚೇರಿಯ ಕ್ಯಾಲೆಂಡರಿಗೂ ಹೋಗಿ, ಅಲ್ಲಿಂದ ಜರ್ಮನಿಯ ಮಾತೃಸಂಸ್ಥೆಗೂ ಕಾಣತೊಡಗಿತು. ಚಳಿಗಾಲದಲ್ಲಿ ಎರಡು ದೇಶಗಳ ಗಡಿಯಾರಕ್ಕೆ ನಾಲ್ಕೂವರೆ ಗಂಟೆಯ ಅಂತರವಿರುವುದರಿಂದ ಅಲ್ಲಿನವರ ಪಾಲಿಗೆ ಅದು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು, ಅಂದರೆ ಸಭೆ ಕರೆಯಲು ಪ್ರಶಸ್ತವಾದ ಹೊತ್ತು. ಕೆಲವು ತಿಂಗಳು ತಾಳಿಕೊಂಡ ಜರ್ಮನಿಯವರು, ವಾರಕ್ಕೊಮ್ಮೆ ಒಂದೂವರೆ ಗಂಟೆ ಭೇಟಿ ಕೊಡುವ ಈ ಆರ್.ಕೆ. ಎಂಬ ಗ್ರಾಹಕರಿಂದ ಇದುವರೆಗೆ ಎಷ್ಟು ಹಣ ವಸೂಲಾಗಿದೆ ಎಂದು ವಿನಯಪೂರ್ವಕವಾಗಿ ವಿಚಾರಿಸಿದರು. ಅವರಿಂದ ಏನೂ ಬರುವುದಿಲ್ಲ, ತೊಂದರೆಯಾಗದಂತೆ ನೋಡಿಕೊಳ್ಳಲಾಗುತ್ತಿದೆ ಎಂದು ರಾಯರು ಬರೆದ ಉತ್ತರದಲ್ಲಿ ಸುಳ್ಳೆಂಬುದು ಲವಲೇಶವೂ ಇರಲಿಲ್ಲ.

ಇವೆಲ್ಲ ಕ್ಷಮಿಸಬಹುದಾದ ದೋಷಗಳು. ಪೀಣ್ಯದ ಕಡೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ರಾಯರು ಕೈಗೊಂಡ ಕಾಂಟ್ಯಾಕ್ಟ್ಸ್ ಶುದ್ಧೀಕರಣವನ್ನು ಮಾತ್ರ, ಅವರ ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕುಳಿತಿದ್ದ ಪ್ರಸ್ತುತ ಲೇಖಕನು ಇನ್ನೂ ಕ್ಷಮಿಸಿಲ್ಲ. ಶುದ್ಧೀಕರಣಕ್ಕೆ ಕಾರಣವಿತ್ತು. ರಾಯರ ಸ್ವಂತ ಫೋನೂ ತಾಳೆಯ ಜಾಲಕ್ಕೆ ಸೇರಿದ್ದರಿಂದ, ವಿಭಾಗದವರೆಲ್ಲ ಹಂಚಿಕೊಂಡಿದ್ದ ಪಟ್ಟಿಯಲ್ಲಿ ಮಂಜು ಕೆಇಬಿ, ಮಂಜು ಗ್ಯಾಸು, ಮಂಜು ಟಿಡಿಎಸ್ ಎಂಬವರು ಒಬ್ಬರ ಪಕ್ಕದಲ್ಲೊಬ್ಬರು ಬಂದು ಕುಳಿತಿದ್ದರು. ಮೇಲಾಗಿ ಪ್ರತಿ ನಮೂದಿಗೂ ಅದರದೇ ಆದ ಒಂದು ಗುರುತುಸಂಖ್ಯೆ ಇರುತ್ತದೆಯಾಗಿ, ಅದು ಬದಲಾದಾಗಲೆಲ್ಲ ಹಳೆಯ ಮನುಷ್ಯನನ್ನೇ ಹೊಸಬನೆಂದು ತಿಳಿದು ತಂತ್ರಾಂಶವು ಪ್ರತಿಯೊಬ್ಬರನ್ನೂ ಮೂರು ಮೂರು ಬಾರಿ ದಾಖಲಿಸಿಕೊಂಡಿತ್ತು. ರಾಯರು ಇಡೀ ಪಟ್ಟಿಯನ್ನು ಸಿಎಸ್‌ವಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾಲುಗಳ ಕಡತವಾಗಿ ಹೊರತೆಗೆದು, ಸ್ಪ್ರೆಡ್‌ಶೀಟಿನಲ್ಲಿ ತೆರೆದು, ಒಂದು ಶನಿವಾರ ಪೂರ್ತಿ ಕುಳಿತು ಕಳೆ ಕಿತ್ತರು. ಆದರೆ ಸ್ಪ್ರೆಡ್‌ಶೀಟಿಗೆ ಫೋನ್ ಸಂಖ್ಯೆಯೂ ಒಂದೇ, ಕೋಟ್ಯಂತರ ರೂಪಾಯಿಯ ಮೊತ್ತವೂ ಒಂದೇ. ದೇಶದ ಸಂಕೇತವಾದ 91 ಸೇರಿ ಹನ್ನೆರಡು ಅಂಕಿಯಾದ ಸಂಖ್ಯೆಯನ್ನು ಅದು ವಿಜ್ಞಾನಿಗಳು ನಕ್ಷತ್ರಗಳ ದೂರವನ್ನು ಬರೆಯುವ ರೀತಿಯಲ್ಲಿ, 9.19 ಎಂದು ಆರಂಭಿಸಿ, ಇನ್ನು ಮೂರು ಅಂಕಿ ಸೇರಿಸಿ, ಇ ಪ್ಲಸ್ 11 ಎಂದು ಚುಟುಕಾಗಿ ತೋರಿಸಿತು. ಸಿಎಸ್‌ವಿಯಾಗಿ ಉಳಿಸಿದಾಗ ತೋರಿಸಿದಷ್ಟನ್ನೇ ಬರೆಯಿತು. ಹೀಗೆ ಮೊಬೈಲ್ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳು ಹೆಚ್ಚುಕಡಿಮೆ ಉಳಿದು, ಮಿಕ್ಕ ಆರೂ ಸೊನ್ನೆಗಳಾದವು.

ಸೋಮವಾರ ತಿಂಗಳ 20ನೆಯ ತಾರೀಖು, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಆಡಿಟರಿಗೆ ಕರೆ ಮಾಡಲು ಹೊರಟ ಪ್ರಸ್ತುತ ಲೇಖಕನಿಗೆ ಆಡಿಟರು, ಹುಬ್ಬಳ್ಳಿಯ ವ್ಯಾಪಾರಿ, ಲಾರಿ ಏಜೆಂಟು ಮೂವರೂ ಒಂದೇ ಸಂಖ್ಯೆಯಲ್ಲಿ ವಾಸಿಸುತ್ತಿರುವುದು ಕಂಡಿತು. ಫೋನು ನೋಡಿದರೆ ಅಲ್ಲಿಯೂ ಹಾಗೆಯೇ, ವ್ಯವಸ್ಥಾಪಕರ ಟ್ಯಾಬ್ಲೆಟ್ಟಿನಲ್ಲಿಯೂ ಹಾಗೆಯೇ, ಸರ್ವರಿನಲ್ಲಿಯೂ ಹಾಗೆಯೇ. ವಿಭಾಗವಿಡೀ ತಲೆಯ ಮೇಲೆ ಕೈಹೊತ್ತು ಕುಳಿತಿರುವಾಗ ರಾಯರು ನಾಲ್ಕೂ ಪರದೆಗಳನ್ನು ಸಾವಧಾನವಾಗಿ ಪರಿಶೀಲಿಸಿ ನುಡಿದರು: “ಸಿಂಕ್ ಮಾತ್ರ ಅಚ್ಚುಕಟ್ಟಾಗಿ ಆಗಿದೆ ನೋಡಿ. ಎಲ್ಲಾ ಕಡೆ ಒಂದೇ ಇದೆ.”

ಶಾಸ್ತ್ರದ ದೃಷ್ಟಿಯಿಂದ ಈ ಮಾತಿನಲ್ಲಿ ತಪ್ಪಿಲ್ಲ. ಎಲ್ಲ ಪ್ರತಿಗಳೂ ಪರಸ್ಪರ ಒಪ್ಪುವಂತೆ ಮಾಡುವುದಷ್ಟೇ ಸಿಂಕ್‌ನ ಹೊಣೆ; ಒಪ್ಪಿದ್ದು ಸರಿಯೋ ತಪ್ಪೋ ಎಂಬ ವಿಚಾರಣೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಳೆಯ ಸ್ಥಿತಿಯನ್ನು ಬೇರೆ ಕಡೆ ಮುಟ್ಟದೆ ತೆಗೆದಿಡುವುದಕ್ಕೆ ಬ್ಯಾಕಪ್ ಎಂದು ಹೆಸರು, ಮತ್ತು ಅದನ್ನು ರಾಯರು ತೆಗೆದಿಟ್ಟಿರಲಿಲ್ಲ, ಏಕೆಂದರೆ ನಾಲ್ಕು ಕಡೆ ಇರುವುದಕ್ಕೆ ಐದನೆಯ ಪ್ರತಿ ಏಕೆಂಬುದು ಅವರ ವಾದವಾಗಿತ್ತು. ಕೊನೆಗೆ ಕೈಹಿಡಿದದ್ದು ಕಾರ್ಖಾನೆಯ ಗೇಟಿನ ಕಾವಲುಗಾರನ ವಿಸಿಟರ್ಸ್ ರಿಜಿಸ್ಟರು. ಬಂದವರೆಲ್ಲ ತಮ್ಮ ಕೈಯಾರೆ ಬರೆದಿಟ್ಟ ಸಂಖ್ಯೆಗಳು, ಮೂಲೆಯಲ್ಲಿ ಟೀ ಲೋಟದ ಕಲೆಗಳೊಂದಿಗೆ, ಅಲ್ಲಿ ಕ್ಷೇಮವಾಗಿದ್ದವು.

ನಿಂದೆ ಇಲ್ಲಿಗೆ ನಿಲ್ಲಬೇಕಾಗುತ್ತದೆ. ಮೂರು ಸಂಜೆ ಗೇಟಿನ ಬಳಿಯ ಕಬ್ಬಿಣದ ಕುರ್ಚಿಯಲ್ಲಿ ಕುಳಿತು, ನಾಲ್ಕು ರಿಜಿಸ್ಟರುಗಳನ್ನು ಪಟ್ಟಿಯೊಡನೆ ತಾಳೆ ನೋಡಿ, ಒಂದೊಂದು ಹೆಸರಿಗೂ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದವರು ರಾಯರೇ. ಕಾವಲುಗಾರನು ಬರೆದವರ ಮುಖ ನೆನಪಿಸಿಕೊಂಡು ಏಳೋ ಒಂದೋ ಎಂದು ತೀರ್ಪು ಹೇಳುತ್ತಿದ್ದ. ಅಳಿಸಿಹೋಗಿದ್ದ ಕೆಲವು ಲ್ಯಾಂಡ್‌ಲೈನ್ ಸಂಖ್ಯೆಗಳನ್ನು ರಾಯರು ಯಾವ ಪುಸ್ತಕವನ್ನೂ ನೋಡದೆ ಬಾಯಿಂದಲೇ ಒಪ್ಪಿಸಿದರು. ಸಿಂಕ್ ಎಂಬುದು ಹುಟ್ಟುವ ಮೊದಲು ಅವರ ತಲೆಯೇ ಆ ವಿಭಾಗದ ಸರ್ವರಾಗಿತ್ತೆಂಬುದು ಆಗ ತಿಳಿಯಿತು. ಸ್ವಂತ ಹೆಂಡತಿಯ ಮೊಬೈಲ್ ಸಂಖ್ಯೆಯೂ ನೆನಪಿಲ್ಲದೆ, ಅದನ್ನು ಅದೇ ರಿಜಿಸ್ಟರಿನಲ್ಲಿ, ಎಂದೋ ಊಟದ ಡಬ್ಬಿ ಕೊಡಲು ಬಂದಾಗ ಆಕೆ ಬರೆದಿದ್ದ ಸಾಲಿನಲ್ಲಿ ಹುಡುಕಿಕೊಂಡ ಪ್ರಸ್ತುತ ಲೇಖಕನು ಆ ಸಂಜೆ ಹೆಚ್ಚು ಮಾತನಾಡಲಿಲ್ಲ.

ರಾಯರು ನಿವೃತ್ತರಾದ ದಿನವೇ ಕಚೇರಿಯವರು ನಿಯಮದಂತೆ ಅವರ ಖಾತೆಯನ್ನು ಮುಚ್ಚಿದರು. ಆದರೆ ಡೆಸ್ಕ್‌ಟಾಪ್ ತಂತ್ರಾಂಶವು ಸರ್ವರಿನಿಂದ ತಂದದ್ದರ ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಚಾಮರಾಜಪೇಟೆಯ ಅವರ ಮನೆಯ ಕಂಪ್ಯೂಟರಿನಲ್ಲಿ ಆ ಪ್ರತಿ ಹಾಗೆಯೇ ಉಳಿಯಿತು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬಾಕಿ ವಸೂಲಿಯ ಪರಿಶೀಲನಾ ಸಭೆ ಎಂದು ರಾಯರೇ ಎಂದೋ ದಾಖಲಿಸಿದ್ದ ನಮೂದೊಂದು ಅದರಲ್ಲಿದೆ. ಇಂಥ ಮರುಕಳಿಸುವ ನಮೂದಿಗೆ ಕೊನೆಯ ದಿನಾಂಕ ಕೊಡಲೇಬೇಕೆಂಬ ಕಡ್ಡಾಯ ಐಕ್ಯಾಲೆಂಡರ್ ಮಾನಕದಲ್ಲಿಲ್ಲ. ಕೊಡದಿದ್ದರೆ ಅದು ಎಂದೆಂದಿಗೂ ಮರುಕಳಿಸುತ್ತಿರುತ್ತದೆ. ರಾಯರು ಕೊಟ್ಟಿರಲಿಲ್ಲ.

ಮೊನ್ನೆಯ ಸೋಮವಾರ, ತನ್ನ ಹೊಸ ಲ್ಯಾಪ್‌ಟಾಪಿಗೆ ಕ್ಯಾಲೆಂಡರು ಇಳಿಯುತ್ತಿಲ್ಲವೆಂದು, ಇಷ್ಟೆಲ್ಲ ಬರೆದ ಮೇಲೆ ಹೇಳಲು ನಾಚಿಕೆಯಾಗುವಂಥ ಕೆಲಸಕ್ಕೆ, ಪ್ರಸ್ತುತ ಲೇಖಕನು ಆ ಮನೆಗೆ ಹೋಗಿದ್ದ. ಹತ್ತೂಕಾಲಿಗೆ ಒಳಕೋಣೆಯಲ್ಲಿ ಗಂಟೆ ಬಾರಿಸಿತು. “ರೀ, ನಿಮ್ಮ ಮೀಟಿಂಗ್ ಬಂತು,” ಎಂದು ಅಡುಗೆಮನೆಯಿಂದ ಪತ್ನಿಯ ಧ್ವನಿ ಕೇಳಿತು. ರಾಯರು ಕೈಯಲ್ಲಿದ್ದ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು, ಎದ್ದು ಹೋಗಿ, ಪರದೆಯ ಮೇಲೆ ತೆರೆದುಕೊಂಡ ಪುಟ್ಟ ಚೌಕದ ಮುಂದೆ ಕನ್ನಡಕ ಸರಿಪಡಿಸಿಕೊಂಡರು. ಅದರಲ್ಲಿ ಎರಡು ಗುಂಡಿಗಳಿದ್ದವು, ಒಂದು ವಜಾ ಮಾಡಲು, ಇನ್ನೊಂದು ಐದು ನಿಮಿಷ ಬಿಟ್ಟು ಮತ್ತೆ ನೆನಪಿಸಲು. ರಾಯರು ಎರಡನೆಯದನ್ನು ಒತ್ತಿ ಬಂದು ಕುಳಿತರು.